ಸುಟ್ಟ ಚಿಗುರಿನ ಡಾಕ್ಟರು

ಮೇ ತಿಂಗಳಲ್ಲಿ ಹೇಳದೆ ಕೇಳದೆ ಮಂಜು ಹೆಪ್ಪುಗಟ್ಟಿ ಬೀದಿಯ ಚಿಗುರೆಲ್ಲ ಕರಕಲಾದರೆ, ಒಹಾಯೋದ ಆ ಬೀದಿಯಲ್ಲಿ ಕಳೆಗಟ್ಟುವ ಮುಖ ಒಂದೇ, ನಿವೃತ್ತ ಪೋಸ್ಟ್‌ಮಾಸ್ಟರ್ ವರ್ಲಿನ್ ಸ್ಟೌಫರ್ ಅವರದು. ಬೆಳಗಾಗುತ್ತಲೇ ಬೀದಿಯ ಮರಗಳ ಈ 'ಡಾಕ್ಟರು' ಟೈ ಕಟ್ಟಿ ರೌಂಡ್ಸ್ ಹೊರಡುತ್ತಾರೆ. ಮಂಜು ತಾಗದಿರಲೆಂದು ಮನೆಯವರು ಮರಗಳಿಗೆ ಹೊದಿಸಿದ ಹೂಹೂವಿನ ಬೆಡ್‌ಶೀಟುಗಳ ಮುಸುಕೆತ್ತುತ್ತಾರೆ. ಉಗುರಿನಿಂದ ತೊಗಟೆ ಕೆರೆದು, "ಒಳಗೆ ಹಸಿರಿದೆ, ಗಾಬರಿ ಬೇಡ" ಎಂದು ಮರಕ್ಕೇ ಧೈರ್ಯ ಹೇಳುತ್ತಾರೆ. ಮನೆಯವರ ಕೈಯ ಕತ್ತರಿಯನ್ನು ಕಿತ್ತುಕೊಂಡು ಜೇಬಿಗಿಳಿಸುತ್ತಾರೆ. ಈ ಸಲ ಪಕ್ಕದ ಮನೆ ರೋಸೆಲಾಳ ಕತ್ತರಿಯೂ ಹೋಯಿತು. ಜೂನ್ ಕೊನೆಗೆ ಅವಳ ಮಗಳ ಮದುವೆ, ಅಂಗಳದ ಜಪಾನಿ ಮೇಪಲ್ ಮರದ ಕೆಳಗೆ. ಮರವೋ ಸುಟ್ಟ ಹಪ್ಪಳ. "ಒಣಗಿದ್ದನ್ನಾದ್ರೂ ಕತ್ತರಿಸ್ತೀನಿ ಡಾಕ್ಟ್ರೇ, ಫೋಟೋದಲ್ಲಿ ಸ್ಮಶಾನದ ಥರ ಕಾಣುತ್ತೆ!" "ಮುಟ್ಟಿದ್ರೆ ನೋಡು! ನೀರು ಹಾಕು, ಗೊಬ್ಬರ ಬೇಡ, ಬಾಯ್ಮುಚ್ಕೊಂಡು ಕಾಯಿ. ಮಲಗಿರೋ ಮೊಗ್ಗು ತಾನಾಗೇ ಏಳ್ಬೇಕು." "ಏಳದಿದ್ರೆ?" "ನನ್ನ ಹೆಸರು ಬದಲಾಯಿಸ್ಕೋತೀನಿ." "ನಿಮ್ಮ ಹೊಸ ಹೆಸರು ಕಟ್ಕೊಂಡು ನಾನು ಮದುವೆಗೇನ್ ಮಾಡ್ಲಿ?" ಎಂದು ಗೊಣಗಿದರೂ ರೋಸೆಲಾ ಕಾದಳು. ಮದುವೆಗೆ ಇನ್ನೊಂದು ವಾರವಿರುವಾಗ, ಒಂದು ಮುಂಜಾನೆ ಅಡುಗೆಮನೆಯ ಕಿಟಕಿ ತೆರೆದರೆ ಕೊಂಬೆಕೊಂಬೆಗೂ ಕೆಂಪು ಚಿಗುರು! ಅದರ ಕೆಳಗೆ ವರ್ಲಿನ್, ಯಾರೂ ನೋಡುತ್ತಿಲ್ಲವೆಂದುಕೊಂಡು, ಕಾಂಡಕ್ಕೆ ಹಣೆಯಿಟ್ಟು ನಿಂತಿದ್ದರು. "ಮಾನ ಉಳಿಸಿದೆ ತಾಯಿ. ಒಂದು ತಿಂಗಳಿಂದ ಕಣ್ಣಿಗೆ ನಿದ್ದೆಯಿಲ್ಲ ನಂಗೆ." ಮರುಕ್ಷಣವೇ ಬೀದಿಗೆ ತಿರುಗಿ, "ಎಲ್ಲರೂ ಬನ್ರೋ! ನಾನು ಹೇಳಿರ್ಲಿಲ್ವಾ?" ಎಂದು ಗುಡುಗಿದರು. ರೋಸೆಲಾ ಬರಿಗಾಲಲ್ಲೇ ಅಂಗಳಕ್ಕೆ ಓಡಿ, ಅವರಿಗಿಂತ ದೊಡ್ಡ ದನಿಯಲ್ಲಿ ಕೂಗಿದಳು: "ಹೇಳಿದ್ರಿ ಡಾಕ್ಟ್ರೇ, ಹೇಳಿದ್ರಿ!"