ಮೊಳದಾಳದ ಬಾಂದುಗಲ್ಲು

ಭರಮಪ್ಪ ಹೊಲ ಅಳೆಯುವ ಮೋಜಣಿದಾರನ ನೌಕರಿಗೆ ಸೇರಿದ್ದು ಎಪ್ಪತ್ತನಾಲ್ಕರಲ್ಲಿ, ಮೀಸಲು ಜಾಗದಲ್ಲಿ. ಅವನ ಅವ್ವ ಅಡಿವೆವ್ವ ಅಕ್ಕಿಆಲೂರಿನ ಮಹಾಲಿಂಗಪ್ಪನವರ ಗದ್ದೆಯ ಕೂಲಿಯವಳು. ಮಗ ಸರಪಳಿ ಹಿಡಿದು ಹೋದಲ್ಲೆಲ್ಲ ಬದುವಿನ ಮೇಲೆ ಕುಂತವರು, "ಮೀಸಲಾತಿ ಮೋಜಣಿ, ನಂಬಬ್ಯಾಡ್ರಿ" ಎಂದು ಅವನಿಗೆ ಕೇಳಿಸುವಂತೆಯೇ ಆಡುತ್ತಿದ್ದರು. ಭರಮಪ್ಪ ಒಮ್ಮೆ ಅಳೆದ ಹೊಲವನ್ನು ಇನ್ನೊಮ್ಮೆ ಅಳೆಯುತ್ತಿದ್ದ.

ಎಂಬತ್ತೆರಡರ ಬೇಸಿಗೆಯಲ್ಲಿ ಧಾರವಾಡದಿಂದ ಶಿವಬಸವ್ವ ಎಂಬ ಸಂಶೋಧಕಿ ಬಂದರು. ಮೀಸಲಾತಿಯಲ್ಲಿ ಬಂದ ನೌಕರರ ಕೆಲಸ ಉಳಿದವರಷ್ಟೇ ನೆಟ್ಟಗಿದೆಯೇ ಎಂದು ಅವರಿಗೆ ತಿಳಿಯಬೇಕಿತ್ತು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ಅರವತ್ತು ನಕ್ಷೆ ಆರಿಸಿ, ಅಳೆದವರ ಹೆಸರಿನ ಮೇಲೆ ಚೀಟಿ ಅಂಟಿಸಿ, ನಿವೃತ್ತ ಮೋಜಣಿದಾರ ಇಸ್ಮಾಯಿಲಸಾಬರಿಂದ ಮತ್ತೆ ಅಳೆಸುತ್ತಿದ್ದರು. ಹೊಲ ತೋರಿಸುವ ಕೆಲಸ ಭರಮಪ್ಪನ ಪಾಲಿಗೆ ಬಂತು. ಯಾವ ನಕ್ಷೆ ಯಾರದೆಂದು ಮಾತ್ರ ಬಾಯಿ ಬಿಡುವಂತಿರಲಿಲ್ಲ.

ಒಂದು ಮುಂಜಾನೆ ಹೊರಬಂದದ್ದು ಮಹಾಲಿಂಗಪ್ಪನವರ ಗದ್ದೆಯ ನಕ್ಷೆ. ಅದು ಭರಮಪ್ಪನದೇ ಕೈಬರಹ. ಮೂಡಣ ಮೂಲೆಯಲ್ಲಿ 'ಬಾಂದುಗಲ್ಲು, ಮೊಳ ಆಳ' ಎಂದಿತ್ತು; ಗಡಿಯ ಕಲ್ಲು ಅಲ್ಲಿ ಮೊಳದಷ್ಟು ಕೆಳಗೆ ಹೂತಿದೆ ಎಂದು.

"ಅಲ್ಲಿ ಯಾವ ಕಲ್ಲೂ ಇಲ್ರಿ. ನಮ್ಮ ಅಪ್ಪನೂ ಕಂಡಿಲ್ಲ" ಎಂದರು ಮಹಾಲಿಂಗಪ್ಪ.

ಹಾರೆ ಹಾಕಿ ಅಗೆದರು. ಬರೀ ಎರೆಮಣ್ಣು. ಇಸ್ಮಾಯಿಲಸಾಬರು ಕಣ್ಣು ಕಿರಿದು ಮಾಡಿ, ಸರಪಳಿಯನ್ನು ಇನ್ನೊಂದು ಮೂಲೆಯಿಂದ ಎಳೆದು ತಂದರು. "ನಂದ ತಪ್ಪಾತು. ಒಂದ್ ಹೆಜ್ಜಿ ಈ ಕಡೆ ಹಾಕ್ರಿ ಹಾರಿ."

ಠಣ್ ಎಂದಿತು.

ಮಣ್ಣು ಸರಿಸಿದಾಗ ಕಂಡದ್ದು ನೂರು ವರ್ಷದ ಹಿಂದೆ ಯಾರೋ ಕೊರೆದ ಗುರುತು, ಇನ್ನೂ ಹರಿತ. ಸಾಬರು ಕಲ್ಲಿನ ಮೇಲೆ ಅಂಗೈ ಇಟ್ಟರು. "ಐವತ್ತೆಂಟರಾಗ ಇದ ಜಾಗಾದಾಗ 'ಕಲ್ಲಿಲ್ಲ' ಅಂತ ಬರದಾವ ನಾನ. ಇದನ್ನ ಹುಡುಕಿದಾವ ಯಾರಿದ್ದಾನು?"

ಶಿವಬಸವ್ವ ಚೀಟಿ ಕಿತ್ತು ಹೆಸರು ಓದಿದರು. ಮಹಾಲಿಂಗಪ್ಪ ಭರಮಪ್ಪನನ್ನು ನೋಡಿದರು, ಮತ್ತೆ ಕಲ್ಲನ್ನು ನೋಡಿದರು.

ಮಳೆಗಾಲದ ಹೊತ್ತಿಗೆ ಶಿವಬಸವ್ವ ಫಲಿತಾಂಶ ಹೇಳಲು ಬಂದರು. "ಎರಡೂ ಗುಂಪಿನ ಕೆಲಸದಾಗ ಫರಕ ಇಲ್ಲ ಭರಮಪ್ಪ."

"ಫರಕ ಇಲ್ಲ ಅನ್ನಿಸ್ಕೊಳ್ಳಾಕ ಎಂಟು ವರ್ಷ ಎರಡೆರಡು ಸಲ ಅಳದೇನ್ರಿ" ಎಂದ ಅವನು. ಶಿವಬಸವ್ವ ಅದನ್ನೂ ಬರೆದುಕೊಂಡರು.

ಕಲ್ಲು ಸಿಕ್ಕ ದಿನ ಅಡಿವೆವ್ವ ಕುಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಂತು ಬಹಳ ಹೊತ್ತು ಕೆಳಗೆ ನೋಡಿದ್ದಳು. "ಮೂವತ್ ವರ್ಷ ಇದರ ಮ್ಯಾಲ ಕಳೆ ತಗದೇನಿ. ನಿನಗ ಹೆಂಗ ತಿಳೀತೋ ತಮ್ಮಾ?"

"ಹಳೇ ನಕ್ಷೇದಾಗ ಇತ್ತವ್ವಾ," ಎಂದಿದ್ದ ಭರಮಪ್ಪ. "ಹಾರಿ ಚುಚ್ಚಿ ಹುಡುಕಿದೆ, ಅಷ್ಟ."