ಮಂಜೂರಾದ ಎರಡು ಎಕರೆ

ಸೈನ್ಯದಿಂದ ನಿವೃತ್ತನಾಗಿ ಸುರೇಬಾನಕ್ಕೆ ಬಂದಾಗ ನನಗಿನ್ನೂ ನಲವತ್ತು ತುಂಬಿರಲಿಲ್ಲ. ಹದಿನೇಳು ವರ್ಷ ಲಾರಿ ಓಡಿಸಿದ್ದೆ. ಪೆನ್ಶನ್ ಇತ್ತು, ಆಸ್ಪತ್ರೆಯ ಕಾರ್ಡಿತ್ತು. ಸೈನಿಕ ಕಲ್ಯಾಣದ ಕಚೇರಿಗೆ ಹೆಸರು ನೋಂದಾಯಿಸಲು ಹೋದ ದಿನ ಅಲ್ಲಿನ ಗುಮಾಸ್ತರು ನಮ್ಮಂಥವರಿಗೆ ಏನೇನು ಸಿಗುತ್ತದೆಂದು ಬೆರಳು ಮಡಚುತ್ತ ಹೇಳಿದರು. ಅವರೂ ಮಾಜಿ ಸೈನಿಕರೇ. ಮಕ್ಕಳಿಗೆ ಕಾಲೇಜಿನಲ್ಲಿ ಸೀಟು, ನೌಕರಿಯಲ್ಲಿ ಮೀಸಲಾತಿ, ಹೀಗೆ ಹೇಳಿ ಕೊನೆಗೆ, "ಸರ್ಕಾರಿ ಜಮೀನಿಗೂ ಅರ್ಜಿ ಹಾಕಬಹುದ್ರಿ. ಆದ್ರ ಅದು ಭಾಳ ತಡಾ" ಅಂದರು.

ನನ್ನ ಮನಸ್ಸಿನಲ್ಲಿ ಆ ಕೊನೆಯ ಮಾತೊಂದೇ ನಿಂತಿತು. ಅಪ್ಪ ಜೀವಮಾನವಿಡೀ ಮಂದಿಯ ಹೊಲವನ್ನು ಪಾಲಿಗೆ ಮಾಡಿದವನು. ರಾಶಿಯ ದಿನ ಮಾಲೀಕರ ಚೀಲಗಳು ಮೊದಲು ಬಂಡಿ ಏರುತ್ತಿದ್ದವು, ಅವು ಹೋದ ಮೇಲೆ ಅವ್ವ ಕಣ ಗುಡಿಸಿ ಉಳಿದದ್ದನ್ನು ತುಂಬುತ್ತಿದ್ದಳು. ಒಂದಾದರೂ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನಮ್ಮ ಮನೆಯವರ ಹೆಸರು ನೋಡಬೇಕೆಂಬ ಆಸೆ ಅಪ್ಪನಿಗಿತ್ತು. ನೋಡದೆ ಹೋದ. ನಾನು ಅಂದೇ ಅರ್ಜಿ ಬರೆದೆ.

ಎಂಟು ವರ್ಷ ಹಿಡಿಯಿತು. ನನ್ನ ಹೆಸರಿನಲ್ಲಿ ಅಂಗುಲ ನೆಲವೂ ಇಲ್ಲವೆಂದು ದಾಖಲೆ ತಂದುಕೊಟ್ಟೆ. ಅದರ ಅವಧಿ ಮುಗಿದಾಗ ಮತ್ತೆ ತಂದುಕೊಟ್ಟೆ. ಅಷ್ಟರಲ್ಲಿ ಒಂದು ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರನಾಗಿದ್ದೆ. ಕಡೆಗೊಂದು ದಿನ ಆದೇಶ ಬಂತು. ಗುಡ್ಡದ ಬುಡದ ಹಳ್ಳಿಯೊಂದರಲ್ಲಿ ಎರಡು ಎಕರೆ ಖಾಲಿ ಸರ್ಕಾರಿ ಜಮೀನು ನನಗೆ ಮಂಜೂರಾಗಿತ್ತು. ಹೆಂಡತಿ ಆದೇಶದ ಪತ್ರವನ್ನು ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದಳು. ಆಕೆಯ ತವರು ಸವದತ್ತಿ ಕಡೆ, ಹೊಲ ಇದ್ದ ಮನೆ. ಹೊಲವಿಲ್ಲದ ಮನೆಗೆ ಕೊಟ್ಟರೆಂದು ಇಪ್ಪತ್ತು ವರ್ಷ ಅಕ್ಕತಂಗಿಯರ ಮಾತು ಕೇಳಿದವಳು.

ಅಳತೆಯ ದಿನ ಮಳೆ ಬಿಡುವು ಕೊಟ್ಟಿತ್ತು. ಸರ್ವೇದವರು, ಊರಿನ ಜಮೀನಿನ ಲೆಕ್ಕ ಇಡುವ ತಲಾಟಿ, ನಾನು ತೊರಗಲ್ ಕೋಟೆಯ ಗುಡ್ಡ ಬಲಕ್ಕೆ ಬಿಟ್ಟು ಕಾಲುದಾರಿಯಲ್ಲಿ ನಡೆದೆವು. ನಕಾಶೆ ಹಿಡಿದು ಅವರು ನಿಂತ ಕಡೆ ನೋಡಿದರೆ ಖಾಲಿ ಜಾಗವೇ ಇಲ್ಲ. ಕೆಂಪು ಮಸಾರಿ ನೆಲದಲ್ಲಿ ಮೊಣಕಾಲೆತ್ತರದ ಹೆಸರುಕಾಳಿನ ಬೆಳೆ ಹೂ ಬಿಟ್ಟಿತ್ತು. ಸುತ್ತಲೂ ಕಲ್ಲು ಆರಿಸಿ ಕಟ್ಟಿದ ಒಡ್ಡು. ನಡುವೆ ಕೂತು ಒಬ್ಬ ಮುದುಕಿ ಕಳೆ ತೆಗೆಯುತ್ತಿದ್ದಳು.

"ಯಾರದ್ರಿ ಈ ಬೆಳಿ?" ಎಂದು ಕೇಳಿದೆ.

"ಆಕೀದs. ಉತಾರದಾಗ ಮಾತ್ರ ಸರ್ಕಾರ ಅಂತ ಐತಿ" ಎಂದ ತಲಾಟಿ ನನ್ನ ಮುಖ ನೋಡಲಿಲ್ಲ.

ಮುದುಕಿ ಎದ್ದು ಸೆರಗಿನಿಂದ ಕೈ ಒರೆಸಿಕೊಂಡಳು. "ಅಳ್ಯಾಕ ಬಂದೀರೇನು? ಅಳೀರಿ. ಹಿಂದೂ ಒಂದೆರಡು ಸಲ ಅಳದು ಹೋಗ್ಯಾರ. ಗಿಡಾ ತುಳೀಬ್ಯಾಡ್ರಿ ಅಷ್ಟs." ಮದುವೆಯಾಗಿ ಬಂದ ವರ್ಷ ಗಂಡನೊಂದಿಗೆ ಕಲ್ಲು ಆರಿಸಲು ಶುರುಮಾಡಿದ್ದಳಂತೆ. ಗಂಡ ತೀರಿದ್ದ, ಮಗಳನ್ನು ಬೈಲಹೊಂಗಲಕ್ಕೆ ಕೊಟ್ಟಿದ್ದಳು. ಮಣ್ಣಿನ ತತ್ರಾಣಿಯ ನೀರು ಕೊಟ್ಟು, "ನೀ ಯಾರಪಾ?" ಅಂದಳು.

"ಮಿಲ್ಟ್ರಿಯಾಗಿದ್ದೆ, ಯವ್ವಾ. ಈ ಜಮೀನು ನನಗ ಮಂಜೂರಾಗೇತಿ."

ಆಕೆ ಮತ್ತೆ ಕೂತು ಕಳೆ ಕೀಳತೊಡಗಿದಳು. ಸರ್ವೇದವರು ನಾಲ್ಕು ಮೂಲೆಗೆ ಕಲ್ಲು ನೆಟ್ಟರು, ತೋರಿಸಿದ ಕಡೆ ನಾನು ಸಹಿ ಮಾಡಿದೆ.

ಮರುವಾರ ಆದೇಶದ ಪತ್ರ ಹಿಡಿದು ಜಮೀನಿನ ಕಚೇರಿಗೆ ಹೋದೆ. ಬೇರೆ ಕಡೆ ಕೊಡಿ ಎಂದು ಕೇಳಿದೆ. ಅಲ್ಲಿದ್ದ ಅಧಿಕಾರಿ ಒಳ್ಳೆಯವರು. ಕೂರಿಸಿ, ತಾಳ್ಮೆಯಿಂದ ಹೇಳಿದರು.

"ಒಬ್ಬರಿಗೆ ಒಂದs ಸಲ ಕೊಡೂದ್ರಿ. ಬ್ಯಾಡಾದ್ರ ಬರದು ಕೊಟ್ಟು ಬಿಡಬಹುದು. ಸರ್ಕಾರಕ್ಕ ವಾಪಸ್ ಹೊಕ್ಕೈತಿ, ಪಟ್ಟಿಯೊಳಗ ನಿಮ್ಮ ಹಿಂದಿರೋ ಇನ್ನೊಬ್ಬ ಫೌಜಿಗೆ ಕೊಡತೇವಿ."

"ಆ ಮುದುಕಿಗೇ ಕೊಡ್ರಿ."

"ಆಕೀ ಅರ್ಜಿ ಬ್ಯಾರೆ ಸಮಿತಿ ಮುಂದ ಹೋಗೂದ್ರಿ. ನಮ್ಮ ಕೈಯಾಗಿಲ್ಲ."

"ನಾನs ಆಕೀಗೆ ಬರದು ಕೊಟ್ಟರ?"

"ಮಾರಾಕ ಬರಾಂಗಿಲ್ಲ, ದಾನಾ ಮಾಡಾಕ ಬರಾಂಗಿಲ್ಲ, ಪಾಲಿಗೆ ಕೊಡಾಕೂ ಬರಾಂಗಿಲ್ಲ. ನೀವs ಉಳಬೇಕು. ಇಲ್ಲಂದ್ರ ಮಂಜೂರಿ ರದ್ದು."

ಹೊರಗೆ ಬಂದು ಬಸ್ಸಿಗೆ ಕಾಯುತ್ತ ನಿಂತೆ. ಬಿಟ್ಟರೆ ಇನ್ನೊಬ್ಬ ಬಂದು ಆಕೆಯನ್ನು ಎಬ್ಬಿಸುತ್ತಾನೆ. ಹಿಡಿದರೆ ನಾನೇ ಎಬ್ಬಿಸಬೇಕು. ಎರಡು ಬಸ್ಸು ಹೋದರೂ ಹತ್ತಲಿಲ್ಲ.

ಮನೆಯಲ್ಲಿ ಹೆಂಡತಿ ಸಿಟ್ಟಾದಳು. "ನಾವೇನು ಕಸಗೊಂಡೇವೇನ್ರಿ? ಹದಿನೇಳು ವರ್ಷ ನೀವು ಅಲ್ಲೆ ಥಂಡಿಯಾಗ, ನಾ ಇಲ್ಲೆ ಒಬ್ಬಾಕಿ. ಅದಕ್ಕ ಕೊಟ್ಟಾರ." ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಮಗಳಿಗೆ ಜ್ವರ ಬಂದಾಗ ಹೊತ್ತುಕೊಂಡು ರಾಮದುರ್ಗದವರೆಗೆ ನಡೆದವಳು ಅವಳೇ.

ಮುಂದಿನ ಬೇಸಿಗೆಯ ಕೊನೆಗೆ ಅವಳ ತಮ್ಮ ಸವದತ್ತಿ ಕಡೆಯಿಂದ ಟ್ರ್ಯಾಕ್ಟರ್ ತಂದ. ನಾನು ಬೇಡವೆನ್ನಲಿಲ್ಲ. ಹೊಲಕ್ಕೆ ಹೋದಾಗ ಮುದುಕಿ ಬುಟ್ಟಿಯಲ್ಲಿ ಗೊಬ್ಬರ ಹೊತ್ತು ಸಾಲಾಗಿ ಗುಂಪಿ ಹಾಕುತ್ತಿದ್ದಳು. ಟ್ರ್ಯಾಕ್ಟರ್ ಕಂಡು ನಿಂತಳು. ಆಮೇಲೆ ಬೇವಿನ ಗಿಡದ ಕೆಳಗಿದ್ದ ತತ್ರಾಣಿ, ಕುಡಗೋಲು, ರೊಟ್ಟಿಯ ಗಂಟು ಬುಟ್ಟಿಯಲ್ಲಿಟ್ಟುಕೊಂಡು ಒಡ್ಡು ದಾಟಿದಳು.

ನಾನು ಆಗಲೇ ನಿಲ್ಲಿಸು ಎನ್ನಬೇಕಿತ್ತು. ಅನ್ನಲಿಲ್ಲ. ನನ್ನ ಹೆಸರಿನ ನೆಲ ಉಳುವುದನ್ನು ನೋಡುವ ಆಸೆ ಇತ್ತು, ಸುಳ್ಳೇಕೆ ಹೇಳಲಿ. ಟ್ರ್ಯಾಕ್ಟರ್ ಪೂರ್ತಿ ಒಂದು ಸುತ್ತು ಹೋಯಿತು, ಆಕೆ ಹಾಕಿದ ಗುಂಪಿಗಳ ಮೇಲೆಯೇ. ಎರಡನೇ ಸುತ್ತಿಗೆ ತಿರುಗುವಾಗ ಅಡ್ಡ ನಿಂತೆ.

"ಏನಾತ್ರಿ?" ಎಂದ ಬಾವಮೈದುನ.

"ಸಾಕು. ಬಂದ್ ಮಾಡು."

"ನೀವ್ ಅದೆಂಥಾ ಮಿಲ್ಟ್ರಿಯವ್ರರೀ? ಒಂದು ಮುದುಕಿಗೆ ಹೆದರತೀರಿ?" ಅಂದವನು ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದ. ಇವತ್ತಿಗೂ ನನ್ನ ಸಂಗಡ ಮಾತಿಲ್ಲ.

ಒಡ್ಡಿನ ಆಚೆ ಕೂತಿದ್ದ ಮುದುಕಿಗೆ, "ನೀನs ಬಿತ್ತು, ಯವ್ವಾ" ಅಂದೆ. ಆಕೆ ಹೂಂ ಎಂದಳು. ಇದನ್ನು ನಾವು ಎಲ್ಲಿಯೂ ಬರೆಯಲಿಲ್ಲ. ಬರೆದರೆ ಅದೇ ನನ್ನ ವಿರುದ್ಧದ ಸಾಕ್ಷಿ.

ಆ ವರ್ಷದ ರಾಶಿಯಾದ ಮೇಲೆ ಆಕೆ ಬಸ್ಸಿನಲ್ಲಿ ಅರ್ಧ ಚೀಲ ಹೆಸರುಕಾಳು ಹೊತ್ತು ನಮ್ಮ ಮನೆಗೆ ಬಂದಳು. ಹೊಸ್ತಿಲ ಹೊರಗೆ ಇಳಿಸಿ, "ನಿನ್ನ ಪಾಲು" ಅಂದಳು. ನಾನು ಬೇಡವೆನ್ನುವ ಮೊದಲೇ ಹೆಂಡತಿ ಚೀಲ ಒಳಗೆ ಎಳೆದುಕೊಂಡು, ಚಹಾ ಇಟ್ಟಳು.

ಚಹಾ ಕುಡಿದು ಮುದುಕಿ ಕುಪ್ಪಸದಿಂದ ಒಂದು ಪತ್ರ ತೆಗೆದಳು. "ಕಚೇರಿಯಿಂದ ಬಂದೈತಿ. ಓದಿ ಹೇಳಪಾ."

ಸಾಗುವಳಿ ಮಾಡುತ್ತಿರುವ ಜಮೀನನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಆಕೆಯ ಗಂಡ ಬದುಕಿದ್ದಾಗಲೇ ಹಾಕಿದ್ದ ಅರ್ಜಿ. ಅದಕ್ಕೆ ಈಗ ಉತ್ತರ ಬಂದಿತ್ತು. ಸದರಿ ಜಮೀನು ಬೇರೆಯವರಿಗೆ ಮಂಜೂರಾಗಿರುವ ಕಾರಣ ಅರ್ಜಿ ವಜಾ.

"ಆಗಲಿಲ್ಲಂತ, ಯವ್ವಾ. ಬ್ಯಾರೆಯವ್ರಿಗೆ ಕೊಟ್ಟೈತಂತ."

"ಬ್ಯಾರೆಯವ್ರು ಅಂದ್ರ ನೀನs ಅಲ್ಲೇನು?"

"ಹೌದು."

ಆಕೆ ಪತ್ರವನ್ನು ನಿಧಾನಕ್ಕೆ ಮಡಚಿದಳು. "ಚೊಲೋ ಆತು ಬಿಡು. ಗುರ್ತಿನವ್ರs ಅದಾರ" ಎಂದು ನಕ್ಕಳು. ನನಗೆ ಆಕೆಯ ಮುಖ ನೋಡಲಾಗಲಿಲ್ಲ. ಆಕೆ ಬೈದಿದ್ದರೆ ಅನುಕೂಲವಾಗುತ್ತಿತ್ತು.

ಈಗ ಮೂರು ವರ್ಷವಾಯಿತು. ಅರ್ಧ ಚೀಲ ತಪ್ಪದೆ ಬರುತ್ತದೆ. ನಾನು ಹೋದ ಮೇಲೆ ಈ ಹೊಲ ಮಗನ ಹೆಸರಿಗೆ ಬರುತ್ತದೆ. ಅವನೇನು ಮಾಡುತ್ತಾನೋ ಕೇಳುವ ಧೈರ್ಯ ನನಗಿಲ್ಲ.

ಮೊನ್ನೆ ಬೆಳೆ ಸಮೀಕ್ಷೆಯವರು ಫೋನ್ ಮಾಡಿ ಕರೆದರು. ಕೆಲಸಕ್ಕೆ ರಜೆ ಹಾಕಿ ಹೋದೆ. ಮೊಬೈಲ್ ಹಿಡಿದು ಬಂದಿದ್ದ ಹೆಣ್ಣುಮಗಳು ನನ್ನನ್ನು ಬೆಳೆಯ ನಡುವೆ ನಿಲ್ಲಿಸಿದಳು. "ಹೊಲದವ್ರು ಒಬ್ಬರs ಇರಬೇಕ್ರಿ. ಆಯಿ, ನೀ ಸ್ವಲ್ಪ ಬಾಜೂಕ ಸರಿ." ಮುದುಕಿ ಕಳೆ ಹಿಡಿದುಕೊಂಡೇ ಎದ್ದು ಒಡ್ಡಿನ ಮೇಲೆ ಹೋಗಿ ನಿಂತಳು. ಫೋಟೋ ತೆಗೆದಾಯಿತು.

"ಭಾಳ ಚೊಲೋ ಬೆಳದೀರಿ, ಅಂಕಲ್" ಅಂದಳು ಹುಡುಗಿ.

ಮುದುಕಿ ಕೇಳಿಸಿಕೊಳ್ಳುತ್ತಿದ್ದಳು. "ಹೂಂ" ಅಂದೆ.