ಬೆಳಕಿಗಲ್ಲದ ಟ್ಯೂಬ್‌ಲೈಟು

ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಈರಪ್ಪ ಒಂದು ಹಳೆಯ ಟ್ಯೂಬ್‌ಲೈಟನ್ನು ಕೈಯಲ್ಲಿ ಹಿಡಿದು ಯಂತ್ರದ ಮುಂದೆ ನಿಲ್ಲುತ್ತಿದ್ದ. ಅದಕ್ಕೆ ವೈರಿಲ್ಲ, ಪಟ್ಟಿಯಿಲ್ಲ, ಚೋಕಿಲ್ಲ. ಯಂತ್ರ ಶುರುವಾದ ಮೇಲೆ ಆ ಕೊಳವೆಯನ್ನು ಅದಕ್ಕೆ ಸೇರಿದ ಕಪಾಟಿನ ಬಾಗಿಲಂಚಿನ ಗುಂಟ, ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯವರೆಗೆ, ನಿಧಾನಕ್ಕೆ ಒಯ್ಯುತ್ತಿದ್ದ. ದೀಪ ಹತ್ತದಿದ್ದರೆ ಅವನಿಗೆ ಸಮಾಧಾನ. ದೀಪ ಹತ್ತಲಿಲ್ಲವೆಂದು ಸಂತೋಷಪಡುವ ಕರೆಂಟಿನ ಕೆಲಸಗಾರ ಭೂಮಂಡಲದಲ್ಲಿ ಅವನೊಬ್ಬನೇ ಇದ್ದಿರಬೇಕು.

ನಮ್ಮದು ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯಲ್ಲಿ ಕಟ್ಟಿಗೆಯ ಬಾಗಿಲು ಮಾಡುವ ಕಾರಖಾನೆ. ನಾನು ಅಲ್ಲಿ ಸ್ಟೋರ್‌ಕೀಪರ್. ಅಂದರೆ, ಒಂದು ಮೊಳೆ ಬೇಕೆಂದರೂ ಮೂರು ಪ್ರತಿಗಳಲ್ಲಿ ಚೀಟಿ ಬರೆಸಿಕೊಂಡು, ‘ಕಾರಣ’ ಎಂಬ ಕಾಲಮ್ಮು ಖಾಲಿಯಿದ್ದರೆ ಮನುಷ್ಯನನ್ನು ವಾಪಸು ಕಳಿಸುವ ಘನ ಅಧಿಕಾರಿ. ಅಂಟು ಹಚ್ಚಿದ ಹಲಗೆಗಳನ್ನು ಎರಡು ಲೋಹದ ತಟ್ಟೆಗಳ ನಡುವೆ ಒತ್ತಿ, ರೇಡಿಯೋ ತರಂಗ ಹಾಯಿಸಿ ನಿಮಿಷಗಳಲ್ಲಿ ಒಣಗಿಸುವ ಯಂತ್ರವೊಂದು ನಮ್ಮಲ್ಲಿತ್ತು. ತರಂಗ ಹುಟ್ಟುವುದು ಪಕ್ಕದ ಉಕ್ಕಿನ ಕಪಾಟಿನಲ್ಲಿ. ಅದು ಅಲ್ಲೇ ಇದ್ದರೆ ದುಡಿಯುತ್ತದೆ. ಬಾಗಿಲ ಸಂದಿನಿಂದ ಸೋರಿದರೆ ಹತ್ತಿರದ ಕಬ್ಬಿಣವನ್ನು ಹಿಡಿದುಕೊಂಡು, ಅದನ್ನು ಮುಟ್ಟಿದವರ ಮೈಗೆ ಬರುತ್ತದೆ. ಸೋರಿಕೆ ಅಳೆಯುವ ಮೀಟರು ರಿಪೇರಿಗೆಂದು ಪುಣೆಗೆ ಹೋಗಿ ಅಲ್ಲಿಯೇ ಕಾಯಂ ಆಗಿ ನೆಲೆಸಿತ್ತು. ಸೋರುವ ಕಡೆ ಟ್ಯೂಬ್‌ಲೈಟು ತಾನಾಗಿ ಹೊಳೆಯುತ್ತದೆ ಎನ್ನುವುದು ಈರಪ್ಪನಿಗೆ ತಿಳಿದಿತ್ತು. ಕಾರಖಾನೆಗೆಲ್ಲ ಎಲ್‌ಇಡಿ ಬಂದು ಹಳೆಯ ಕೊಳವೆಗಳು ಗುಜರಿಗೆ ಹೊರಟಾಗ ಅವನು ಒಂದನ್ನು ಕೇಳಿ ಚೀಟಿ ತಂದ. ಕಾರಣದ ಕಾಲಮ್ಮಿನಲ್ಲಿ ಬರೆದಿದ್ದ: ‘ಬೆಳಕಿಗಲ್ಲ.’ ನಾನು ಒಂದು ವಾರ ಆ ಚೀಟಿಯನ್ನು ಬಂದವರಿಗೆಲ್ಲ ತೋರಿಸಿ ನಗಿಸಿದೆ.

ಯಂತ್ರಕ್ಕೆ ಹಲಗೆ ಕೊಡುತ್ತಿದ್ದವಳು ಫಕೀರವ್ವ, ಹಳಿಯಾಳದ ಕಡೆಯ ಹಳ್ಳಿಯವಳು. ಅವಳ ನಾಲಿಗೆಗೆ ಬಿಡುವಿಲ್ಲ.

“ಏನ್ ಈರಣ್ಣಾ, ಮುಗೀತೇನು ಆರತಿ? ಪ್ರಸಾದ ಎಲ್ಲಿ?”

“ನಿನ್ನ ಕೈ ನಿನಗ ಐತಲ್ಲ, ಅದ ಪ್ರಸಾದ,” ಎನ್ನುತ್ತಿದ್ದ ಈರಪ್ಪ, ತಲೆಯೆತ್ತದೆ.

ಅವನು ಮುಂಡಗೋಡ ತಾಲೂಕಿನ ಪಾಳಾದವನು. ಹಣೆಗೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ, ಕಿಸೆಯಲ್ಲಿ ಸ್ಪಿರಿಟ್ಟಿನ ಸೀಸೆ ಮತ್ತು ಹಳೆ ಬನಿಯನ್ನಿನ ಚೂರು. ಕಪಾಟಿನ ಬಾಗಿಲಿನ ಸುತ್ತ ಬಾಚಣಿಗೆಯಂಥ ತಾಮ್ರದ ಹಲ್ಲುಗಳ ಪಟ್ಟಿಯಿತ್ತು. ಬಾಗಿಲು ಹಾಕಿದಾಗ ಪ್ರತಿ ಹಲ್ಲೂ ಚೌಕಟ್ಟಿನ ಬರಿಯ ಉಕ್ಕಿಗೆ ಒತ್ತಿ ನಿಲ್ಲಬೇಕು. ವಾರಕ್ಕೊಮ್ಮೆ ಅವನು ಆ ಹಲ್ಲುಗಳನ್ನು ಒಂದೊಂದಾಗಿ ತಿಕ್ಕುತ್ತಿದ್ದ. ತನ್ನ ಹಲ್ಲುಗಳ ವಿಷಯದಲ್ಲಿ ಅಷ್ಟು ಶ್ರದ್ಧೆ ತೋರಿದ್ದರೆ ಐವತ್ತಕ್ಕೇ ಎದುರಿನ ಎರಡು ಹೋಗುತ್ತಿರಲಿಲ್ಲ.

ಒಮ್ಮೆ ನಾನು, ವಿದ್ಯಾವಂತನೆಂಬ ಹಮ್ಮಿನಲ್ಲಿ, ಕಪಾಟಿನ ಗಾಳಿಕಿಂಡಿಯ ಜಾಳಿಗೆಯನ್ನು ತೋರಿಸಿ ಕೇಳಿದೆ: “ಇಷ್ಟು ತೂತುಗಳನ್ನು ಬಿಟ್ಟು ಬಾಗಿಲ ಸಂದಿಗೇಕೆ ಬಡಿದಾಡುತ್ತೀ?”

ಅವನು ನನ್ನನ್ನು ಕನಿಕರದಿಂದ ನೋಡಿದ. “ಸಣ್ಣ ತೂತು ಸಾವಿರ ಇರ್ಲಿರಿ, ಅದರಾಗ ಗಾಳಿ ಬರ್ತದ, ಇದು ಬರಂಗಿಲ್ಲ. ಗೇಣುದ್ದದ ಸೀಳು ಒಂದ ಇದ್ರ ಸಾಕು. ಕೂದಲದಷ್ಟ ಸಣ್ಣದಿದ್ರೂ ಉದ್ದ ಇದ್ರ ಹೊರಗ ಬರ್ತದ. ಅಗಲ ನೋಡಬ್ಯಾಡ್ರಿ, ಉದ್ದ ನೋಡ್ರಿ.”

ಆಯುಧಪೂಜೆಯ ದಿನ ಮ್ಯಾನೇಜರ್ ಸಾಹೇಬರು ಸ್ವತಃ ಕುಂಕುಮದ ಬಟ್ಟಲು ಹಿಡಿದು ಬಂದರೆ ಈರಪ್ಪ ಕಪಾಟಿನ ಬಾಗಿಲಿಗೆ ಅಡ್ಡ ನಿಂತ. “ಹಣಿಗೆ ಹಚ್ರಿ ಸಾಹೇಬ್ರ. ಅಂಚಿಗೆ ಬ್ಯಾಡ. ತಾಮ್ರಕ್ಕ ಕಬ್ಬಿಣ ಮುಟ್ಟಬೇಕು, ನಡುವ ದೇವರೂ ಬರಬಾರದು.” ಇಷ್ಟಲಿಂಗಪೂಜೆ ಮಾಡದೆ ನೀರು ಕುಡಿಯದವನು ಆಡಿದ ಮಾತಿದು. ಸಾಹೇಬರು ಯಂತ್ರದ ಹಣೆ ಎಲ್ಲಿದೆಯೆಂದು ಹುಡುಕಿ ಅಲ್ಲಿಗೆ ಹಚ್ಚಿದರು.

ಮರಳುಕಾಗದ ಕೇಳುವ ಅವನ ಚೀಟಿಗಳಲ್ಲಿ ಯಾವಾಗಲೂ ಒಂದೇ ಕಾರಣವಿರುತ್ತಿತ್ತು: ‘ಚೌಕಟ್ಟಿನ ಅಂಚು ತಿಕ್ಕಲು. ಅಂಚಿಗೆ ತುಕ್ಕು, ಎಣ್ಣೆ, ಬಣ್ಣ ತಾಗಬಾರದು.’ ನಾನು ಪ್ರತಿಯೊಂದನ್ನೂ ಓದಿ ಸಹಿ ಮಾಡಿದೆ. ಇದನ್ನು ಇಲ್ಲಿ ಬರೆದಿಡುವುದು ಅವಶ್ಯ.

ಆ ಮಳೆಗಾಲದಲ್ಲಿ ಹೊರಗಿನ ದೊಡ್ಡ ಗಿರಾಕಿಗಳು ಕಾರಖಾನೆ ನೋಡಲು ಬರುವವರಿದ್ದರು. ಈರಪ್ಪ ತಮ್ಮನ ಗದ್ದೆಯ ನಾಟಿಗೆಂದು ಮೂರು ದಿನ ಪಾಳಾಕ್ಕೆ ಹೋಗಿದ್ದ. ಸ್ಟೋರಿನಲ್ಲಿ ನಾಲ್ಕು ಡಬ್ಬಿ ಹಸಿರು ಬಣ್ಣ ಗಟ್ಟಿಯಾಗುತ್ತ ಕೂತಿತ್ತು. ಆ ಯಂತ್ರವನ್ನು ಅಲಂಕರಿಸುವ ದಿವ್ಯ ಯೋಜನೆ ನನ್ನದು. ಹಳಿಯಾಳದಿಂದ ಬಂದ ಪೇಂಟರ್ ಬಹಳ ಅಚ್ಚುಕಟ್ಟಿನ ಮನುಷ್ಯ. ಬಾಗಿಲು ತೆರೆದು ಚೌಕಟ್ಟಿನ ಅಂಚಿಗೂ ಎರಡು ಕೈ ಹಚ್ಚಿದ. ಒಣಗಿದ ಬಣ್ಣದ ಮೇಲೆ ತಾಮ್ರದ ಹಲ್ಲುಗಳು ಒತ್ತಿ ಕೂತವು, ಉಕ್ಕಿಗೆ ಒಂದೂ ತಾಗದೆ. ಹೊರಗಿನಿಂದ ಅಂಥ ಚೆಂದದ ಯಂತ್ರ ನಾನು ಕಂಡಿರಲಿಲ್ಲ.

ಸೋಮವಾರ ಈರಪ್ಪನ ಬಸ್ಸು ತಡವಾಯಿತು. ಅವನು ಕಾರಖಾನೆ ಮುಟ್ಟುವ ಹೊತ್ತಿಗೆ ಗಿರಾಕಿಗಳು ಗೇಟಿನೊಳಗೆ ಬಂದಿದ್ದರು, ಯಂತ್ರ ನಡೆಯುತ್ತಿತ್ತು. ಅವನು ಕಾಲಿನ ಕೆಸರನ್ನೂ ತೊಳೆಯದೆ ಟ್ಯೂಬ್ ತೆಗೆದುಕೊಳ್ಳಲು ಹೋದ. ನಾನು ತಡೆದೆ.

“ಅವರ ಮುಂದೆ ಆ ಆರತಿ ಬೇಡ ಈರಪ್ಪಾ. ಹೋದ ಮೇಲೆ ಮಾಡು.”

ಅವನು ಹಸಿರು ಬಣ್ಣವನ್ನೇ ನೋಡುತ್ತಿದ್ದ. “ಅಂಚು ಬಿಟ್ಟು ಹಚ್ಚ್ಯಾರಲ್ಲ?”

“ಹೂಂ,” ಎಂದೆ.

ನಾನು ನೋಡಿರಲಿಲ್ಲ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಟ್ಯೂಬನ್ನು ಗೋಡೆಗೆ ಆನಿಸಿದ.

ಗಿರಾಕಿಗಳು ಮೆಚ್ಚಿದರು. ನಾನು ಅವರಿಗೆ ಗೋಡಂಬಿ ಕೊಡುವಾಗ ಫಕೀರವ್ವ ಎಂದಿನಂತೆ ಬಲಗೈಯನ್ನು ಕಪಾಟಿನ ಪಕ್ಕದ ಕಬ್ಬಿಣದ ಮೇಜಿಗೂರಿ ಹಲಗೆ ತಳ್ಳುತ್ತಿದ್ದಳು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಬೆರಳು ತೋರಿಸಿ, “ಇರಿವಿ ಕಡದಂಗ ಆಗಾಕತ್ತೈತ್ರಿ,” ಎಂದಳು. ಅಕ್ಕಿಕಾಳಿನಷ್ಟು ಎರಡು ಬಿಳಿ ಕಲೆ, ಅಷ್ಟೆ. ನಾನು ಧಾರಾಳವಾಗಿ ಮುಲಾಮು ಕೊಟ್ಟೆ. ಚೀಟಿಯಿಲ್ಲದೆ ಕೊಟ್ಟದ್ದು ಅದೊಂದೇ.

ಈರಪ್ಪ ಆ ಕಲೆ ನೋಡಿದವನೇ ಓಡಿ ಸ್ವಿಚ್ಚು ತೆಗೆದ. ಚರ್ಮದ ಮೇಲೆ ಕಾಣುವುದು ಸ್ವಲ್ಪ, ಬೆಂದದ್ದೆಲ್ಲ ಒಳಗೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೊದಲು ಒಂದು ಬೆರಳು ತೆಗೆದರು, ವಾರ ಕಳೆದು ಇನ್ನೊಂದು.

ವಿಚಾರಣೆಯಲ್ಲಿ ಮ್ಯಾನೇಜರ್ ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ: ಆ ದಿನ ಬಾಗಿಲು ಪರೀಕ್ಷೆ ಮಾಡಿದ್ದೆಯೋ ಇಲ್ಲವೋ. ಈರಪ್ಪ, “ಇಲ್ರಿ,” ಎಂದ. ಬಣ್ಣದ ಮಾತು ಅವನು ತೆಗೆಯಲಿಲ್ಲ. ನಾನು ಅದೇ ಕೋಣೆಯಲ್ಲಿ, ಮೂರು ಹೆಜ್ಜೆ ದೂರದಲ್ಲಿ, ವಿಚಾರಣೆಯ ಟಿಪ್ಪಣಿ ಬರೆದುಕೊಳ್ಳುತ್ತ ಕೂತಿದ್ದೆ. ನನ್ನ ಅಕ್ಷರ ದುಂಡಗಿದೆಯೆಂದು ಆ ಕೆಲಸ ನನಗೆ ಬಂದಿತ್ತು.

ಕೆಲಸದಿಂದ ತೆಗೆದ ದಿನ ಅವನು ಟ್ಯೂಬ್ ಒಪ್ಪಿಸಲು ಸ್ಟೋರಿಗೆ ಬಂದ. “ಬಣ್ಣದ ವಿಷಯ ಯಾಕೆ ಹೇಳಲಿಲ್ಲ?” ಎಂದು ನಾನು ಕೇಳಿದೆ. ಕೇಳುವ ಧೈರ್ಯ ಹೇಗೆ ಬಂತೋ.

“ನಿಮ್ಮನ್ನ ಕೇಳಿದ್ದ ನನ್ನ ತಪ್ಪು,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದ ಮೇಸ್ತ್ರಿಯಂತೆ ಮಾತಾಡುತ್ತಿದ್ದ. “ಅದು ಕೇಳೂದಲ್ರಿ. ಹಿಡದು ನೋಡೂದು.”

ಅವನ ಜಾಗಕ್ಕೆ ಬಂದ ಹೊಸ ಫಿಟ್ಟರ್ ಅಂಚಿನ ಬಣ್ಣವನ್ನು ಕೈಗೆ ಎಟುಕಿದಷ್ಟು ಕೆರೆದ. ಫಕೀರವ್ವನಿಗೆ ಕಸ ಗುಡಿಸುವ ಕೆಲಸ ಕೊಟ್ಟರು. ಅವಳ ಮಾತು ಕಡಿಮೆಯಾಯಿತು. ಟ್ಯೂಬು ನನ್ನ ಕುರ್ಚಿಯ ಹಿಂದೆ ಮೂಲೆಯಲ್ಲಿ ನಿಂತಿತು.

ಎರಡು ವರ್ಷದ ನಂತರ ಮುಂಡಗೋಡಕ್ಕೆ ಒಂದು ಮದುವೆಗೆ ಹೋದವನು ಪಾಳಾಕ್ಕೂ ಹೋದೆ. ಎಲ್ಲ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಗಂಭೀರವಾದ ಭಾಷಣ ತಯಾರಿಸಿದ್ದೆ. ಅವನು ಕಟ್ಟೆಯ ಮೇಲೆ ಪಂಪಿನ ಸ್ಟಾರ್ಟರ್ ಬಿಚ್ಚಿಕೊಂಡು ಕೂತಿದ್ದ. ಕೆಮ್ಮು ಜೋರಿತ್ತು, ಅಂಗಿ ದೊಡ್ಡದಾಗಿತ್ತು.

“ಬರ್ರಿ. ಫಕೀರವ್ವ ಹೆಂಗದಾಳ್ರಿ?”

“ಇದ್ದಾಳೆ.”

“ಟ್ಯೂಬ್ ಯಾರು ಹಿಡೀತಾರ ಈಗ?”

“ಹೊಸ ಫಿಟ್ಟರ್,” ಎಂದೆ. ಇದು ನಾನು ಅವನಿಗೆ ಹೇಳಿದ ಎರಡನೆಯ ಸುಳ್ಳು.

“ಕೆಳಗಿನ ಮೂಲಿ ನೋಡಾಕ ಹೇಳ್ರಿ ಅವಂಗ. ಅಲ್ಲಿ ಬಗ್ಗಬೇಕಾಗ್ತದ. ಅದಕ್ಕ ಯಾರೂ ನೋಡಂಗಿಲ್ಲ.”

ಚಹಾ ಬಂತು, ಕುಡಿದೆ. ಭಾಷಣ ಹಾಗೆಯೇ ಮದುವೆಯ ಊಟದ ಜೊತೆ ಹೊಟ್ಟೆಯಲ್ಲಿ ಉಳಿಯಿತು. ಬಸ್ಸಿನವರೆಗೆ ಬಂದು ಕಳಿಸಿದ.

ಮೊನ್ನೆ ಅವನು ತೀರಿಕೊಂಡ ಸುದ್ದಿ ಬಂತು. ಸ್ಟೋರಿನ ಬಾಗಿಲಲ್ಲಿ ಗುಡಿಸುತ್ತಿದ್ದ ಫಕೀರವ್ವನಿಗೆ ನಾನೇ ಹೇಳಿದೆ. ಅವಳು ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. “ಛಲೋ ಮನಷಾ ಇದ್ದ. ಆದ್ರ ನನ್ನ ಬೆರಳ ಹೋಗಿದ್ದು ಅವನಿಂದ,” ಎಂದು ಮತ್ತೆ ಗುಡಿಸತೊಡಗಿದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ನಾನು ಆ ಟ್ಯೂಬನ್ನು ಒರೆಸಿ, ಯಂತ್ರದ ಮುಂದೆ ಹೋಗಿ ನಿಂತೆ. ಎಲ್ಲರೂ ನಕ್ಕರು, ಅವರ ತಪ್ಪಲ್ಲ. ಮೇಲಿನ ಮೂಲೆ, ಕತ್ತಲೆ. ಪಕ್ಕ, ಕತ್ತಲೆ. ಮಂಡಿಯೂರಿ ಬಗ್ಗಿ ಕೆಳಗಿನ ಮೂಲೆಗೆ ಒಯ್ದೆ. ಕೊಳವೆ ನನ್ನ ಕೈಯಲ್ಲಿ ಬೆಳ್ಳಗೆ ಹೊತ್ತಿತು. ನಗು ನಿಂತಿತು. ಸ್ವಿಚ್ಚು ತೆಗೆಯಲು ಹೇಳಿ, ಬಾಗಿಲು ತೆರೆದು ನೋಡಿದರೆ ಚೌಕಟ್ಟಿನ ತಳದಲ್ಲಿ ಗೇಣುದ್ದ ಹಸಿರು ಬಣ್ಣ, ಹಚ್ಚಿದ ದಿನದಷ್ಟೇ ಹೊಸದಾಗಿ.

ಸ್ಟೋರಿಗೆ ಬಂದು ಚೀಟಿ ಬರೆದೆ. ಬೇಕಾದ ವಸ್ತು: ಮರಳುಕಾಗದ. ಕಾರಣ: ‘ಅಂಚಿನ ಬಣ್ಣ ತೆಗೆಯಲು. ಬಣ್ಣ ಹಚ್ಚಿಸಿದವನು ನಾನು. ಈರಪ್ಪ ಕೇಳಿದಾಗ ನೋಡದೆ ಹೂಂ ಎಂದವನೂ ನಾನು.’ ಒಂದು ಪ್ರತಿ ಫೈಲಿಗೆ, ಒಂದು ಮ್ಯಾನೇಜರ್ ಸಾಹೇಬರ ಮೇಜಿಗೆ. ಮೂರನೆಯದನ್ನು ಫಕೀರವ್ವನಿಗೆ ಕೊಟ್ಟೆ. ಅವಳು ಎಡಗೈಯಲ್ಲಿ ತೆಗೆದುಕೊಂಡು, ತಿರುಗಿಸಿ ನೋಡಿ, ನನಗೇ ಹಿಂದಕ್ಕೆ ಚಾಚಿದಳು.

“ನನಗ ಓದಾಕ ಬರಂಗಿಲ್ಲಲ್ರಿ. ಏನ್ ಬರದೀರಿ, ಹೇಳ್ರಿ.”

ಯಂತ್ರ ನಿಂತಿತ್ತು. ಎಲ್ಲರಿಗೂ ಕೇಳಿಸುವಷ್ಟು ನಿಶ್ಶಬ್ದವಿತ್ತು. ನಾನು ಓದಿದೆ.